ಸಹಾಯ ಬೇಕು: ಜೆಕಿಲ್‌ನ ತಪ್ಪೊಪ್ಪಿಗೆಯನ್ನು ಎಷ್ಟು ನಂಬಬಹುದು?

ಸ್ನಾತಕೋತ್ತರ ಪದವಿಯ ಪ್ರಬಂಧಕ್ಕಾಗಿ ರಾಬರ್ಟ್ ಲೂಯಿ ಸ್ಟೀವನ್‌ಸನ್ 1886ರಲ್ಲಿ ಪ್ರಕಟಿಸಿದ, ವೈದ್ಯ ಜೆಕಿಲ್ ಮದ್ದು ಕುಡಿದು ಹೈಡ್ ಎಂಬ ಇನ್ನೊಬ್ಬನಾಗಿ ಬದಲಾಗುವ ಜೆಕಿಲ್ ಮತ್ತು ಹೈಡ್ ಕಥೆಯನ್ನು ಓದುತ್ತಿರುವ ನಾನು ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಾನು ನೋಡಿದ ಕೈಪಿಡಿಗಳು ಜೆಕಿಲ್ ಒಳಿತು, ಹೈಡ್ ಕೆಡುಕು ಎಂದು ಗೆರೆ ಎಳೆದು ಮುಗಿಸುತ್ತವೆ. ಪಠ್ಯ ಮಾತ್ರ ಅದಕ್ಕೆ ಒಪ್ಪುವುದಿಲ್ಲ. ತಪ್ಪೊಪ್ಪಿಗೆಯಾದ ಕೊನೆಯ ಅಧ್ಯಾಯದಲ್ಲಿ ಜೆಕಿಲ್ ತಾನೇ ಬರೆಯುವಂತೆ, ಮದ್ದು ಕುಡಿದಾಗ ಹೊರಬರುವ ಹೈಡ್ ಅಪ್ಪಟ ಕೇಡಿಗನಾದರೂ, ಉಳಿಯುವ ಜೆಕಿಲ್ ಮೊದಲಿನ ಬೆರಕೆಯ ಮನುಷ್ಯನೇ. ಮನುಷ್ಯನೊಳಗೆ ಇಬ್ಬರಿದ್ದಾರೆ ಎಂದವನೇ, ಮುಂದಿನವರು ಇನ್ನೂ ಹಲವರನ್ನು ಕಂಡಾರು ಎಂದೂ ಊಹಿಸುತ್ತಾನೆ. ಅದಕ್ಕಿಂತ ತೊಡಕಿನದೆಂದರೆ, ಹೈಡ್‌ನ ಕೃತ್ಯಗಳನ್ನು ಹೇಳುವಾಗ ‘ಅವನು’ ಎಂದು ಬರೆದು, ‘ನಾನು’ ಎನ್ನಲಾರೆ ಎಂದು ತಡವರಿಸುವುದು. ಇದು ನಿಜವಾದ ಒಡಕೋ, ಸರ್ ಡ್ಯಾನ್ವರ್ಸ್ ಕ್ಯಾರ್ಯೂ ಅವರನ್ನು ಬೆತ್ತದಿಂದ ಬಡಿದು ಕೊಂದ ಹೊಣೆಯಿಂದ ನುಣುಚಿಕೊಳ್ಳುವ ಜಾಣತನವೋ? ನನಗೆ ಎರಡನೆಯದೇ ಸರಿ ಎನ್ನಿಸುತ್ತದೆ (ಮರ್ಯಾದಸ್ಥರ ಹಳೆಯ ಚಾಳಿ ಅದು), ಆದರೆ ಅವನ ಹೇಳಿಕೆಯ ಆಚೆಗಿನ ಆಧಾರ ಬೇಕೆನ್ನುತ್ತಾರೆ ಮಾರ್ಗದರ್ಶಕರು.

ಅದಕ್ಕಾಗಿ ಜೆಕಿಲ್‌ನ ಹಳೆಯ ಗೆಳೆಯ, ವೈದ್ಯ ಲ್ಯಾನ್ಯನ್‌ನ ಪತ್ರವನ್ನು ಮತ್ತೆ ಓದಿದೆ. ಅಲ್ಲಿ ಕಣ್ಣೆದುರೇ ಮೈ ಬದಲಾಗುತ್ತದೆಯೇ ಹೊರತು ಮನಸ್ಸಿನ ವಿಷಯ ತಿಳಿಯುವುದಿಲ್ಲ. ಆಸ್ಕರ್ ವೈಲ್ಡ್‌ನ ಕಾದಂಬರಿಯ ನಾಯಕ ಡೋರಿಯನ್ ಗ್ರೇ ಜೊತೆಗಿನ ಹೋಲಿಕೆಯೂ ನೆರವಾಗಲಿಲ್ಲ, ಏಕೆಂದರೆ ಅಲ್ಲಿ ಪಾಪದ ಕಳಂಕ ಹೊರುವುದು ಅವನ ಚಿತ್ರಪಟ, ಪಾಪ ಮಾಡುವವನು ಒಬ್ಬನೇ. ದಕ್ಕಿದ್ದು ಒಂದೇ: ಜೆಕಿಲ್‌ನ ವಕೀಲ ಅಟರ್ಸನ್‌ನ ಗುಮಾಸ್ತ ಗೆಸ್ಟ್, ಹೈಡ್‌ನ ಪತ್ರವನ್ನೂ ಜೆಕಿಲ್ ಬರೆದ ಊಟದ ಆಹ್ವಾನವನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡರ ಅಕ್ಷರವೂ ಬಹುತೇಕ ಒಂದೇ, ವಾಲುವ ದಿಕ್ಕು ಮಾತ್ರ ಬೇರೆ ಎಂದು ಗುರುತಿಸುವ ಸನ್ನಿವೇಶ.

ಜೆಕಿಲ್‌ನ ಹೇಳಿಕೆಯನ್ನು ಬದಿಗಿಟ್ಟರೂ ಇಬ್ಬರೂ ಒಬ್ಬನೇ ಎಂದು ವಾದಿಸಲು ಆಧಾರವಾಗುವ, ಈ ಕೈಬರಹದ ಪ್ರಸಂಗದಂಥ ಬೇರೆ ಸನ್ನಿವೇಶ ಯಾವ ಅಧ್ಯಾಯದಲ್ಲಿದೆ ಎಂದು ಬಲ್ಲವರು ತಿಳಿಸುವಿರಾ?