ನಕ್ಷೆ ಬರೆಸುವ ಮೊದಲು ನೀರು, ಕರೆಂಟು, ಒಳಚರಂಡಿ ಬಗ್ಗೆ ಏನೇನು ವಿಚಾರಿಸಬೇಕು?

ಪ್ರಶ್ನೆ: ಹೊಸಸೈಟು

ಎಲ್ಲರಿಗೂ ನಮಸ್ಕಾರ. ನಾವು ಒಂದು ಸೈಟು ನೋಡಿದ್ದೇವೆ, ಇನ್ನೂ ಮುಂಗಡ ಕೊಟ್ಟಿಲ್ಲ. ಅಗಲ 12 ಮೀಟರ್, ಉದ್ದ 30 ಮೀಟರ್. ರಸ್ತೆಯಿಂದ ಹಿಂದಕ್ಕೆ ಹೋದ ಹಾಗೆ ನೆಲ ಇಳಿಯುತ್ತದೆ. ಮನೆಯನ್ನು ಹಿಂದಕ್ಕೆ ಕಟ್ಟಿ, ಮುಂದೆ ಮರ ಬೆಳೆಸಬೇಕು ಅಂತ ಅಮ್ಮನ ಆಸೆ. ಅವರಿಗೆ ಮಂಡಿ ನೋವು. ಹಾಗಾಗಿ ಮನೆಗೆ ಮೆಟ್ಟಿಲೇ ಇರಬಾರದು, ಇದೊಂದು ನನ್ನ ಹಟ.

ಮಾರುವವರು "ಎಲ್ಲಾ ಲೈನೂ ಸೈಟಿನ ಮುಂದೆಯೇ ಇದೆ" ಅಂತಾರೆ. ಹೋಗಿ ನೋಡಿದೆ. ವಿದ್ಯುತ್ ಕಂಬ ಇದೆ. ಮ್ಯಾನ್‌ಹೋಲ್ ಮುಚ್ಚಳ ಇದೆ. ನೀರಿನ ಪೈಪಿನ ವಾಲ್ವ್ ಪೆಟ್ಟಿಗೆಯೂ ಇದೆ. ಇಷ್ಟು ಸಾಕಾ? ಎಂಜಿನಿಯರಿಗೆ ನಕ್ಷೆ ಬರೆಯಲು ಹೇಳಿಬಿಡಬಹುದಾ?

ಉತ್ತರ: ಮಟ್ಟಗೋಲು

ದಯವಿಟ್ಟು ಈಗಲೇ ಹೇಳಬೇಡಿ. ಲೈನು ಮುಂದೆ ಇರುವುದು ಬೇರೆ, ನಿಮಗೆ ಸಂಪರ್ಕ ಸಿಗುವುದು ಬೇರೆ. ನಾನು ಇದನ್ನು ಕಷ್ಟಪಟ್ಟು ಕಲಿತೆ.

ನಮ್ಮ ಸೈಟಿನ ಮುಂದೆಯೂ ದಪ್ಪ ನೀರಿನ ಪೈಪ್ ಇತ್ತು. ಅದನ್ನು ನೋಡಿಯೇ ನಾವು ಸೈಟು ತೆಗೆದುಕೊಂಡಿದ್ದು. ಗೋಡೆ ಎದ್ದ ಮೇಲೆ ಅರ್ಜಿ ಹಾಕಿದಾಗ ಗೊತ್ತಾಯಿತು, ಅದು ದೂರದ ಟ್ಯಾಂಕಿಗೆ ನೀರು ಏರಿಸುವ ಮುಖ್ಯ ಪೈಪ್. ಅದರಿಂದ ಮನೆಗಳಿಗೆ ಸಂಪರ್ಕ ಕೊಡುವುದಿಲ್ಲ. ಮನೆಗಳಿಗೆ ಹಂಚುವ ಸಣ್ಣ ಪೈಪ್ ಎರಡು ಬೀದಿ ಆಚೆಗಿತ್ತು. 11 ತಿಂಗಳು ಟ್ಯಾಂಕರ್ ನೀರಲ್ಲಿ ಕಳೆದೆವು. ಆದ್ದರಿಂದ ನೀರಿನ ಕಚೇರಿಗೆ ಹೋಗಿ "ಈ ಸೈಟಿಗೆ, ಈ ಪೈಪಿನಿಂದ ಸಂಪರ್ಕ ಸಿಗುತ್ತದೆ" ಅಂತ ಬರಹದಲ್ಲಿ ಕೇಳಿ. ಆ ಪತ್ರ ಎಷ್ಟು ದಿನ ನಡೆಯುತ್ತದೆ ಅಂತಲೂ ನೋಡಿ. ಪಕ್ಕದ ಮನೆಯವರ ಬಳಿ ನೀರು ಯಾವ ಹೊತ್ತಿಗೆ ಬರುತ್ತದೆ, ಬೇಸಿಗೆಯಲ್ಲಿ ಎಷ್ಟು ಏರುತ್ತದೆ ಅಂತ ಕೇಳಿ. ನೆಲಮಟ್ಟದಲ್ಲಿ 1 ಬಾರ್ ಒತ್ತಡ ಇದ್ದರೆ ನೀರು ಹತ್ತಿರಹತ್ತಿರ 10 ಮೀಟರ್ ಏರಬಲ್ಲದು. ಅದಕ್ಕಿಂತ ಕಡಿಮೆ ಇದ್ದರೆ ಸಂಪು, ಪಂಪು ಎರಡಕ್ಕೂ ನಕ್ಷೆಯಲ್ಲೇ ಜಾಗ ಬಿಡಬೇಕು.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಒಳಚರಂಡಿಯದು. ಸೈಟು ಹಿಂದಕ್ಕೆ ಇಳಿದಿದೆ, ಮ್ಯಾನ್‌ಹೋಲ್ ಮುಂದಿದೆ. ಕೊಳಚೆ ತಾನಾಗಿ ಹರಿಯಬೇಕಲ್ವಾ? 4 ಇಂಚಿನ ಪೈಪಿಗೆ ಸಾಮಾನ್ಯವಾಗಿ 40ಕ್ಕೆ 1 ವಾಟ ಇಡುತ್ತಾರೆ. ಅಂದರೆ 4 ಮೀಟರಿಗೆ 10 ಸೆಂಟಿಮೀಟರ್ ಇಳಿತ. ಮ್ಯಾನ್‌ಹೋಲಿನ ಒಳಗೆ ನಿಮ್ಮ ಪೈಪ್ ಸೇರುವ ಜಾಗ ರಸ್ತೆಯಿಂದ ಎಷ್ಟು ಆಳ ಇದೆ, ಅದು ಬೇಕು. ಮುಚ್ಚಳ ನೀವು ತೆಗೆಯಬೇಡಿ, ಒಳಗೆ ವಿಷಗಾಳಿ ಇರುತ್ತದೆ. ಕಚೇರಿಯವರಿಂದಲೇ ಅಳತೆ ಕೇಳಿ. ಹಿಂದಿನ ನೆಲ ರಸ್ತೆಗಿಂತ ಎಷ್ಟು ಕೆಳಗಿದೆ ಅಂತ ಮೇಸ್ತ್ರಿಗಳು ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ಹತ್ತು ನಿಮಿಷದಲ್ಲಿ ಹೇಳುತ್ತಾರೆ.

ಉತ್ತರ: ತಂತಿಕೆಲಸ

ಕರೆಂಟಿನ ಬಗ್ಗೆ ನಾನು ಹೇಳುತ್ತೇನೆ. ವೈರಿಂಗ್ ನನ್ನ ಕಸುಬು. ಕಂಬ ಇದ್ದರೆ ಸಾಲದು. ಅದರಲ್ಲಿ ತ್ರೀ ಫೇಸ್ ಇದೆಯಾ, ಟ್ರಾನ್ಸ್‌ಫಾರ್ಮರಿನಲ್ಲಿ ನಿಮ್ಮ ಲೋಡಿಗೆ, ಅಂದರೆ ಮನೆಗೆ ಒಟ್ಟು ಬೇಕಾಗುವ ಕರೆಂಟಿಗೆ, ಜಾಗ ಉಳಿದಿದೆಯಾ ಅಂತ ಕೇಳಿ. ಮೊದಲು ಲೋಡು ಬರೆದುಕೊಳ್ಳಿ. ತಕ್ಷಣ ಬಿಸಿ ಮಾಡುವ ಗೀಸರ್ ಒಂದೇ 3 ಕಿಲೋವ್ಯಾಟ್. ಮುಂದೆ ಎಲೆಕ್ಟ್ರಿಕ್ ಕಾರು ಬಂದರೆ ಮನೆಯ ಚಾರ್ಜರ್ ಸುಮಾರು 7. ಇವನ್ನು ಬಿಟ್ಟು ಲೆಕ್ಕ ಕೊಟ್ಟವರೇ ಆಮೇಲೆ ಓಡಾಡುವುದು.

ಸೈಟಿನ ಮೇಲೆ ತಂತಿ ಹಾದಿದೆಯಾ? ಇದ್ದರೆ ಅದರ ಕೆಳಗೆ, ಪಕ್ಕದಲ್ಲಿ ಇಂತಿಷ್ಟು ಅಂತರ ಬಿಡಲೇಬೇಕು. ನೆಲದೊಳಗೆ ಬೇರೆಯವರ ಪೈಪ್, ಕೇಬಲ್ ಹೋಗಿದ್ದರೂ ಅಷ್ಟೇ, ಅದರ ಮೇಲೆ ಕಟ್ಟುವಂತಿಲ್ಲ. ಕ್ರಯಪತ್ರದಲ್ಲಿ ಅಂಥ ಹಕ್ಕು ಬರೆದಿದೆಯಾ ಅಂತ ವಕೀಲರಿಂದ ಓದಿಸಿ. ಕಟ್ಟುವಾಗ ಬೇಕಾಗುವ ತಾತ್ಕಾಲಿಕ ಸಂಪರ್ಕವನ್ನೂ ಈಗಲೇ ವಿಚಾರಿಸಿ.

ಹೊಸಸೈಟು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಳತೆ ಸಿಕ್ಕಿತು. ಮ್ಯಾನ್‌ಹೋಲಿನಲ್ಲಿ ಪೈಪ್ ಸೇರುವ ಜಾಗ ರಸ್ತೆಯಿಂದ 90 ಸೆಂಟಿಮೀಟರ್ ಕೆಳಗೆ. ಹಿಂದಿನ ನೆಲ ರಸ್ತೆಗಿಂತ 60 ಸೆಂಟಿಮೀಟರ್ ತಗ್ಗು. ಬಚ್ಚಲು ಹಿಂದೆ ಬಂದರೆ ಅಲ್ಲಿಂದ ಮ್ಯಾನ್‌ಹೋಲಿಗೆ 24 ಮೀಟರ್. ನೀರಿನ ಪೈಪ್ ಮನೆಗಳಿಗೆ ಹಂಚುವುದೇ ಅಂತೆ, ಪತ್ರ ಕೊಡುತ್ತೇವೆ ಅಂದಿದ್ದಾರೆ. ತ್ರೀ ಫೇಸೂ ಇದೆ.

ಮಟ್ಟಗೋಲು:

ಲೆಕ್ಕ ಹಾಕೋಣ. 24 ಮೀಟರಿಗೆ ಇಳಿತ 60 ಸೆಂಟಿಮೀಟರ್. ಬಚ್ಚಲಿನ ನೆಲದಿಂದ ಕೆಳಗೆ ಪೈಪ್ ಶುರುವಾಗಲು ಇನ್ನೊಂದು 45 ಇಡಿ. ಒಟ್ಟು 105. ನಿಮಗೆ ಸಿಗುವ ಆಳ 90. ಅಂದರೆ ಮನೆಯ ನೆಲ ರಸ್ತೆಗಿಂತ 15 ಸೆಂಟಿಮೀಟರ್ ಮೇಲಿರಬೇಕು. ಅಲ್ಲಿನ ಮಣ್ಣಿಗಿಂತ 75 ಎತ್ತರ! ಅಂಗಳಕ್ಕೆ ಇಳಿಯಲು ಅಮ್ಮನಿಗೆ ನಾಲ್ಕೈದು ಮೆಟ್ಟಿಲು ಬೇಕಾಗುತ್ತದೆ. ತಗ್ಗಿನಲ್ಲೇ ಕಟ್ಟಿ ಪಂಪಿನಿಂದ ಕೊಳಚೆ ಎತ್ತಬಹುದು, ಆದರೆ ರಸ್ತೆಯ ಒಳಚರಂಡಿ ಲೈನು ಕಟ್ಟಿಕೊಂಡ ದಿನ ಕೊಳಚೆ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ತಗ್ಗಿರುವ ಬಚ್ಚಲಲ್ಲೇ ಉಕ್ಕುತ್ತದೆ. ಕೊಳಚೆ ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಇಲ್ಲದೆ ಪಂಪಿನ ದಾರಿ ಬೇಡವೇ ಬೇಡ.

ಮನೆಯನ್ನು ಮುಂದಕ್ಕೆ ತಂದರೆ? 8 ಮೀಟರಿಗೆ ಇಳಿತ 20 ಅಷ್ಟೇ. ನೆಲವನ್ನು ರಸ್ತೆಗಿಂತ ಸ್ವಲ್ಪ ಮೇಲಿಟ್ಟು, ಬಾಗಿಲವರೆಗೆ ಚಿಕ್ಕ ಇಳಿಜಾರು ಹಾದಿ ಮಾಡಿದರೆ ಮುಂಬಾಗಿಲಿಗೆ ಮೆಟ್ಟಿಲೇ ಬೇಡ. ಮರಗಳು ಹಿಂದಕ್ಕೆ ಹೋಗಲಿ, ಬೇರು ಪೈಪಿಗೆ ನುಗ್ಗುವ ಭಯವೂ ಕಡಿಮೆ.

ಹೊಸಸೈಟು:

ಅಮ್ಮನಿಗೆ ತೋರಿಸಿದೆ. ಅಡುಗೆಮನೆ ಕಿಟಕಿ ಹಿಂದಕ್ಕೆ ತೆರೆಯಬೇಕು, ಮರ ಕಾಣಬೇಕು ಅಂದರು. ನೀರಿನ ಪತ್ರ ಕೈಗೆ ಬಂದ ದಿನ ಎಂಜಿನಿಯರ್ ಹತ್ತಿರ ಹೋಗುತ್ತೇವೆ.