ಮೂರು ಅನ್ಯಲೋಕದ ಜನ, 14 ಅಧ್ಯಾಯ: ಯಾರ ಪದ್ಧತಿ ಯಾವುದು ಅಂತ ಲೆಕ್ಕ ತಪ್ಪಿದೆ, ಸಹಾಯ ಬೇಕು

ಡೊಂಬಿವಲಿಯಿಂದ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ವಿಜ್ಞಾನ ಕಾದಂಬರಿ ಬರೆಯುತ್ತಿದ್ದೇನೆ, ಅರ್ಧಕ್ಕರ್ಧ ಬೆಳಗಿನ ಲೋಕಲ್‌ನಲ್ಲಿ ಸೀಟು ಸಿಕ್ಕ ದಿನ ಮೊಬೈಲ್‌ನಲ್ಲೇ ಟೈಪ್ ಮಾಡಿದ್ದು. ಕಥೆ ನಡೆಯುವುದು ಪ್ರಾಕ್ಸಿಮಾ ಸೆಂಟಾರಿ ಬಿ ಗ್ರಹದಲ್ಲಿ. 2016ರಲ್ಲಿ ಪತ್ತೆಯಾಯಿತಲ್ಲ, ನಮ್ಮಿಂದ 4.24 ಜ್ಯೋತಿರ್ವರ್ಷ ದೂರ ಇರುವುದು, ಅದೇ. ಚಂದ್ರ ನಮಗೆ ಒಂದೇ ಮುಖ ತೋರಿಸುವ ಹಾಗೆ ಈ ಗ್ರಹವೂ ತನ್ನ ಸೂರ್ಯನಿಗೆ ಒಂದೇ ಮುಖ ತೋರಿಸುತ್ತದೆ ಅಂತ ಇಟ್ಟುಕೊಂಡಿದ್ದೇನೆ. ಬೆಳಕಿನ ಕಡೆ ತೆರ್ಯರು, ಕತ್ತಲ ಕಡೆ ಇಂಬರು, ನಡುವಿನ ಮುಸ್ಸಂಜೆ ಪಟ್ಟಿಯಲ್ಲಿ ಸೋಗಲರು.

ಈಗ ಮೊದಲಿಂದ ಓದಿದರೆ ಎಲ್ಲ ಕಲಸಿಹೋಗಿದೆ. 3ನೇ ಅಧ್ಯಾಯದಲ್ಲಿ ತೆರ್ಯರ ಅಜ್ಜಿ "ನನಗೀಗ 60 ವರ್ಷ" ಅನ್ನುತ್ತಾಳೆ. ಅಲ್ಲಿ ಒಂದು ವರ್ಷ ಅಂದರೆ ನಮ್ಮ 11.2 ದಿನ, ಅಂದರೆ ಅಜ್ಜಿಗೆ ನಮ್ಮ ಎರಡು ವರ್ಷವೂ ತುಂಬಿಲ್ಲ. ಸತ್ತವರ ಹೆಸರು ಹೇಳಬಾರದು ಅನ್ನುವ ನಿಯಮ 5ರಲ್ಲಿ ಸೋಗಲರದ್ದು, 9ರಲ್ಲಿ ಅದನ್ನೇ ಒಬ್ಬ ಇಂಬ ಹೇಳುತ್ತಾನೆ. ಬೆಳಗೇ ಆಗದ ಊರಲ್ಲಿ "ನಾಳೆ ಬೆಳಿಗ್ಗೆ ಬಾ" ಅಂತ ಮೂರು ಕಡೆ ಬರೆದಿದ್ದೇನೆ. ಎಕ್ಸೆಲ್‌ನಲ್ಲಿ ಊಟ, ಮದುವೆ, ದೇವರು, ಉಡುಪು ಅಂತ 40 ಕಾಲಂ ಮಾಡಿದೆ. ಅದನ್ನು ತುಂಬಿಸುತ್ತಾ ಕೂತು ಬರೆಯುವುದೇ ನಿಂತುಹೋಯಿತು. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಮಾಟುಂಗಾದಿಂದ:

ಅಬ್ಸಿಡಿಯನ್ ಅನ್ನುವ ನೋಟ್ಸ್ ಆ್ಯಪ್ ಹಾಕಿಕೊಳ್ಳಿ. ಜನಾಂಗಕ್ಕೊಂದು ಪುಟ ಮಾಡಿ, ಎರಡು ಜೊತೆ ಚೌಕ ಆವರಣದೊಳಗೆ ಹೆಸರು ಬರೆದರೆ ಆ ಪುಟಕ್ಕೆ ಲಿಂಕ್ ಆಗುತ್ತದೆ. ಫೈಲ್‌ಗಳು ನಿಮ್ಮ ಹತ್ತಿರವೇ ಇರುತ್ತವೆ. ನನಗೆ ಅಷ್ಟೇ ಸಾಕಾಗಿದೆ.

ನಾರಾಯಣಗಾಂವ್‌ನಿಂದ (ಪುಣೆ ಜಿಲ್ಲೆ):

ಆ್ಯಪ್ ಯಾವುದಾದರೂ ಆಗಲಿ, ತೊಂದರೆ ಇರುವುದು ಆ 40 ಕಾಲಂನಲ್ಲಿ. ಊಟ, ಮದುವೆ ಅಂತ ಖಾನೆ ಮಾಡಿದರೆ ಪ್ರತಿ ಖಾನೆಗೂ ಸುಮ್ನೆ ಏನಾದರೂ ಹೊಸೆಯಬೇಕಾಗುತ್ತದೆ. ಹಾಗೆ ಹೊಸೆದದ್ದು ನೆನಪಲ್ಲಿ ನಿಲ್ಲುವುದಿಲ್ಲ.

ಅಜ್ಜಿಯ ವಯಸ್ಸನ್ನೇ ತೆಗೆದುಕೊಳ್ಳಿ. ನಮ್ಮೂರಿನ ಹತ್ತಿರ ಖೋಡದ್‌ನಲ್ಲಿ ಜಿಎಂಆರ್‌ಟಿ ಅನ್ನುವ ರೇಡಿಯೋ ದೂರದರ್ಶಕ ಇದೆ. 45 ಮೀಟರ್ ಅಗಲದ ತಟ್ಟೆಗಳು ಆಕಾಶದ ಒಂದೇ ಬಿಂದುವನ್ನು ಹಿಡಿದು ನಿಧಾನಕ್ಕೆ ತಿರುಗುವುದನ್ನು ನೋಡುತ್ತಾ ಬೆಳೆದವನು ನಾನು. ಆಕಾಶ ತಿರುಗಿದರೆ ತಾನೇ ಕಾಲದ ಲೆಕ್ಕ? ನಿಮ್ಮ ಗ್ರಹದಲ್ಲಿ ಕತ್ತಲ ಕಡೆಯವರಿಗೆ ನಕ್ಷತ್ರಗಳು 11.2 ದಿನಕ್ಕೊಂದು ಸುತ್ತು ಹಾಕುವುದು ಕಾಣುತ್ತದೆ. ಹಾಗಾಗಿ ಇಂಬರಿಗೆ ವರ್ಷ ಇದೆ. ತೆರ್ಯರಿಗೆ ಸೂರ್ಯ ಅಲ್ಲಾಡುವುದಿಲ್ಲ, ನಕ್ಷತ್ರ ಕಾಣುವುದಿಲ್ಲ. ಅವರಿಗೆ ವರ್ಷ ಅನ್ನುವುದೇ ಇಲ್ಲ! ಅಜ್ಜಿಯ ಲೆಕ್ಕ ತಪ್ಪಿಲ್ಲ, ಆ ಪದವೇ ಅವಳದ್ದಲ್ಲ. ಪ್ರಾಕ್ಸಿಮಾ ಆಗಾಗ ಜ್ವಾಲೆ ಉಗುಳುವ ನಕ್ಷತ್ರ, ಅದಕ್ಕೆ ಹೊತ್ತುಗೊತ್ತಿಲ್ಲ. ತೆರ್ಯರು ದೊಡ್ಡ ಜ್ವಾಲೆಗಳನ್ನು ಎಣಿಸಬಹುದು. ಇಬ್ಬರ ಜೊತೆಗೂ ವ್ಯಾಪಾರ ಮಾಡುವ ಸೋಗಲರಿಗೆ ಎರಡೂ ಲೆಕ್ಕ ಗೊತ್ತಿರುತ್ತದೆ. ಆಯಾ ಜನ ನಿಂತ ಜಾಗದಿಂದ ಏನು ಕಾಣುತ್ತದೆ ಅಂತ ಕೇಳಿಕೊಂಡರೆ ಅರ್ಧ ಕಾಲಂ ಬೇಕಾಗುವುದೇ ಇಲ್ಲ.

9ನೇ ಅಧ್ಯಾಯವನ್ನು ಅವಸರದಲ್ಲಿ ತಿದ್ದಬೇಡಿ. ನಮ್ಮ ಮನೆಯವರು ಧಾರವಾಡ ಕಡೆಯವರು. ಚೌತಿಗೆ ಕಡುಬಿನ ಜೊತೆ ಉಕಡೀಚೆ ಮೋದಕವೂ ಆಗುತ್ತದೆ, ಅಮ್ಮ ಅದನ್ನು ಪಕ್ಕದ ಮನೆಯ ಅಜ್ಜಿಯಿಂದ ಕಲಿತದ್ದು, ಅಕ್ಕಿ ಹಿಟ್ಟಿಗೆ ಒಂದು ಚಮಚ ತುಪ್ಪ ಹಾಕಿ ಬಿಸಿ ಇರುವಾಗಲೇ ನಾದಬೇಕು ಅಂತ ಈಗಲೂ ಮರಾಠಿಯಲ್ಲೇ ಹೇಳುತ್ತಾರೆ. ಯಾರಾದರೂ ಬಂದು "ಕನ್ನಡಿಗರು ಮೋದಕ ಮಾಡುತ್ತಾರೆ" ಅಂತಷ್ಟೇ ಬರೆದುಕೊಂಡರೆ ಮುಖ್ಯವಾದದ್ದೇ ಬಿಟ್ಟುಹೋಯಿತು ಅಲ್ವಾ? ಆ ಇಂಬನ ಹೆಂಡತಿ ಸೋಗಲರ ಕಡೆಯವಳಿರಬಹುದು. ನನ್ನ ನೋಟ್ಸ್ ಹೀಗಿರುತ್ತದೆ:

"ಅ. 9. ಮಂಜುಗಡ್ಡೆ ಮಾರುವ ಇಂಬ. ಸತ್ತವರ ಹೆಸರು ಹೇಳುವುದಿಲ್ಲ. ಹೆಂಡತಿ ಕಡೆಯಿಂದ ಬಂದದ್ದು. ಅವನ ತಮ್ಮ ಹೇಳುತ್ತಾನೆ."

ಎಲ್ಲಿ, ಯಾರು, ಏನು, ಎಲ್ಲಿಂದ ಬಂತು. ಪುಟದಲ್ಲಿ ಆಗಲೇ ಬಂದದ್ದನ್ನು ಮಾತ್ರ ಪೆನ್ನಿನಲ್ಲಿ ಬರೆಯಿರಿ. ತಲೆಯಲ್ಲಿ ಇರುವುದೆಲ್ಲ ಪೆನ್ಸಿಲ್‌ನಲ್ಲಿ, ಅದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು.

ಇನ್ನು "ನಾಳೆ ಬೆಳಿಗ್ಗೆ". ಇದು ನಮ್ಮ ಭಾಷೆಯೊಳಗಿಂದ ನುಸುಳಿ ಬರುತ್ತದೆ. ಹಗಲೂ ರಾತ್ರಿ ದುಡಿದ, ಹೊತ್ತು ಮುಳುಗಿತು, ನಿನ್ನೆ ಮೊನ್ನೆಯ ಹುಡುಗ, ತಿಂಗಳು, ಹುಣ್ಣಿಮೆ. ಇಂಥ ಪದಗಳ ಪಟ್ಟಿ ಮಾಡಿ ಒಂದೊಂದಾಗಿ ಹುಡುಕಿ.

ಡೊಂಬಿವಲಿಯಿಂದ:

ತುಂಬಾ ತುಂಬಾ ಥ್ಯಾಂಕ್ಸ್. ಅಜ್ಜಿಗೆ ವರ್ಷವೇ ಇಲ್ಲ ಅಂತ ಓದಿ ಠಾಣೆ ಬರುವವರೆಗೂ ಅದನ್ನೇ ಯೋಚಿಸುತ್ತಿದ್ದೆ. ಆದರೆ ಹುಡುಕುವುದೇ ಆಗುತ್ತಿಲ್ಲ. "ತೆರ್ಯ" ಅಂತ ಕೊಟ್ಟರೆ ಕೆಲವು ಅಧ್ಯಾಯದಲ್ಲಿ ಸಿಗುತ್ತದೆ, ಕೆಲವದರಲ್ಲಿ ಕಣ್ಣೆದುರಿಗೇ ಇದ್ದರೂ ಸಿಗುವುದಿಲ್ಲ. ಮೊದಲ 4 ಅಧ್ಯಾಯ ಹಳೇ ಕಂಪ್ಯೂಟರ್‌ನಲ್ಲಿ ನುಡಿ ತಂತ್ರಾಂಶದಲ್ಲಿ ಬರೆದದ್ದು.

ವಾಸ್ಕೊದಿಂದ (ಗೋವಾ):

ನಾನು ಡಿಟಿಪಿ ಕೆಲಸ ಮಾಡುವವನು, ಈ ತಲೆನೋವು ದಿನಾ ಇರುತ್ತದೆ. ಹಳೇ ನುಡಿ ಫೈಲ್ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ಪದ್ಧತಿ) ಅಲ್ಲದಿದ್ದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಮಾತ್ರ ಕನ್ನಡದ ರೂಪ ಕೊಡುತ್ತದೆ. ಅದರಲ್ಲಿ ಯೂನಿಕೋಡ್ ಕನ್ನಡ ಹುಡುಕಿದರೆ ಏನೂ ಸಿಗುವುದಿಲ್ಲ. ಮೊದಲು ಆ 4 ಅಧ್ಯಾಯಗಳನ್ನು ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಒಮ್ಮೆ ಕಣ್ಣಾಡಿಸಿ, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ.

ಇನ್ನೊಂದು, ಹೆಸರನ್ನು ಎರಡು ರೀತಿ ಟೈಪ್ ಮಾಡಿರುತ್ತೀರಿ. ಅರ್ಕಾವತ್ತು ಬಂದರೆ ತೆರ್ಯ, ರ ಪೂರ್ತಿ ನಿಂತು ಯ ಒತ್ತಾದರೆ ತೆರ‍್ಯ. ಎರಡನೆಯದರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಹಾಗಾಗಿ ಎಷ್ಟೋ ಕಡೆ ಹುಡುಕಾಟಕ್ಕೆ ಇವೆರಡೂ ಬೇರೆ ಬೇರೆ ಪದ. ಇಂಬ ಮತ್ತು ಇಮ್ಬ, ಸೋಗಲ ಮತ್ತು ಸೊಗಲ, ಇವೂ ಅಷ್ಟೇ. ಹೆಸರಿಗೆ ಒಂದು ರೂಪ ಗಟ್ಟಿ ಮಾಡಿ, ಉಳಿದದ್ದನ್ನು ಹುಡುಕಿ ಬದಲಾಯಿಸಿ. ಮೊಬೈಲ್ ಕೀಬೋರ್ಡ್‌ನ ಸ್ವಂತ ನಿಘಂಟಿನಲ್ಲಿ ಆ ರೂಪ ಸೇರಿಸಿ, ಮುಂದೆ ತಪ್ಪುವುದಿಲ್ಲ.

ಡೊಂಬಿವಲಿಯಿಂದ:

ಆಯಿತು! ತೆರ‍್ಯ ಅಂತ ಹುಡುಕಿದರೆ 10 ಮತ್ತು 11ನೇ ಅಧ್ಯಾಯದ ತುಂಬಾ ಅದೇ ಇತ್ತು. ನುಡಿ ಫೈಲ್‌ಗಳೂ ಬದಲಾದವು. ಎಕ್ಸೆಲ್ ಬಿಟ್ಟು ಒಂದು 200 ಪುಟದ ಪುಸ್ತಕ ತಂದಿದ್ದೇನೆ, ಪೆನ್ನು ಪೆನ್ಸಿಲ್ ಎರಡೂ ಬ್ಯಾಗಿನಲ್ಲಿವೆ. ಅಜ್ಜಿ ಈಗ ಹೀಗೆ ಹೇಳುತ್ತಾಳೆ: "ನಾನು ಹುಟ್ಟಿದ ಮೇಲೆ ಏಳು ದೊಡ್ಡ ಉರಿ ನೋಡಿದ್ದೇನೆ. ನಾಲ್ಕನೆಯದರಲ್ಲಿ ನಿಮ್ಮಜ್ಜ ಹೋದ."

ಅಜ್ಜನ ಹೆಸರು ಹೇಳುತ್ತಾಳಾ ಇಲ್ಲವಾ, ಅದು ಇನ್ನೂ ಪೆನ್ಸಿಲ್‌ನಲ್ಲಿದೆ.