ಮಕ್ಕಳ ಡಾಕ್ಟರನ್ನ ಕೇಳಿ: ಭಾನುವಾರದ ಚಾರಿಟಿ ವಾಕ್‌ಗೆ ಪುಟ್ಟ ಮಕ್ಕಳು

ಅಡ್ಮಿನ್: ಭಾನುವಾರದ ವಾಕ್ 5 ಕಿಲೋಮೀಟರ್. ಮಕ್ಕಳನ್ನ ಕರ್ಕೊಂಡು ಬರೋರು ಏನಿದ್ರೂ ಡಾಕ್ಟರನ್ನ ಇಲ್ಲೇ ಕೇಳಿ.

ನಾಲ್ಕು ವರ್ಷದವನ ಅಪ್ಪ: ಡಾಕ್ಟ್ರೇ, ನಮ್ಮವನು ಪೂರ್ತಿ ನಡೀತಾನಾ?

ಡಾಕ್ಟರ್: ನಡೆದಷ್ಟು ನಡೀಲಿ. ಸಾಕು ಅಂತ ಕೂತ್ರೆ ಎತ್ಕೊಳ್ಳಿ, ಇಲ್ಲ ವಾಪಸ್ ಬನ್ನಿ. ಹೊಸ ಶೂ ಅವತ್ತೇ ಹಾಕ್ಬೇಡಿ, ಬೊಬ್ಬೆ ಬರುತ್ತೆ.

ಐದು ತಿಂಗಳ ಮಗುವಿನ ಅಮ್ಮ: ಸ್ಟ್ರಾಲರ್ ಮೇಲೆ ತೆಳು ಬಟ್ಟೆ ಮುಚ್ಚಿದ್ರೆ ಬಿಸಿಲು ತಡೆಯುತ್ತಲ್ವಾ? ಮಧ್ಯೆ ನೀರು ಕೊಡ್ಬಹುದಾ?

ಡಾಕ್ಟರ್: ಮುಚ್ಬೇಡಿ. ಗಾಳಿ ಆಡದೆ ಒಳಗೆ ಹೊರಗಿಗಿಂತ ಸೆಕೆ ಆಗುತ್ತೆ, ಮಗು ಮುಖನೂ ಕಾಣಲ್ಲ. ಆರು ತಿಂಗಳ ಒಳಗೆ ನೀರು ಬೇಡ, ಹಾಲೇ ಪದೇ ಪದೇ ಕೊಡಿ.

ಎರಡೂವರೆ ವರ್ಷದವಳ ಅಮ್ಮ: ಸರ್, ಹೋದ ತಿಂಗಳು ಮಗಳಿಗೆ ಜ್ವರದಲ್ಲಿ ಫಿಟ್ಸ್ ಬಂದಿತ್ತು, ಎರಡು ನಿಮಿಷದಲ್ಲಿ ನಿಂತೋಯ್ತು. ಇವತ್ತು ಸಂಜೆಯಿಂದ ಮೈ ಬೆಚ್ಚಗಿದೆ, ಆದ್ರೆ ಅವಳ ಫೋಟೋ ಹಾಕಿ ಎಲ್ಲರ ಹತ್ರ ದುಡ್ಡು ಕೇಳಿದೀವಿ, ಬೆಳಿಗ್ಗೆ ಪ್ಯಾರಾಸಿಟಮಾಲ್ ಕೊಟ್ಟು ಕರ್ಕೊಂಡು ಬರ್ಲಾ?

ಡಾಕ್ಟರ್: ಬೇಡಮ್ಮ. ದಯವಿಟ್ಟು ಬೇಡ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಜ್ವರದ ಫಿಟ್ಸ್ ಬರುತ್ತೆ, ಒಂದ್ಸಲ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮತ್ತೆ ಬರುತ್ತೆ, ಅದೂ ಹೆಚ್ಚಾಗಿ ಜ್ವರ ಶುರುವಾದ ಮೊದಲ 24 ಗಂಟೆಯಲ್ಲಿ. ನಿಮ್ಮ ಮಗು ಈಗ ಅದೇ ಗಂಟೆಗಳಲ್ಲಿದೆ. ಪ್ಯಾರಾಸಿಟಮಾಲ್ ಮಗುಗೆ ಹಾಯ್ ಅನ್ಸುತ್ತೆ ಅಷ್ಟೇ, ಫಿಟ್ಸ್ ತಡೆಯುತ್ತೆ ಅಂತ ನಂಬ್ಕೊಂಡು ಜನರ ಮಧ್ಯೆ ಬಿಸಿಲಲ್ಲಿ ಕರ್ಕೊಂಡು ಬರ್ಬೇಡಿ. ಮತ್ತೆ ಬಂದ್ರೆ ಒಂದು ಪಕ್ಕಕ್ಕೆ ಮಲಗ್ಸಿ, ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕ್ಬೇಡಿ, ಅಲುಗಾಡದ ಹಾಗೆ ಒತ್ತಿ ಹಿಡೀಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ ಆಂಬುಲೆನ್ಸ್. ಬೇಗ ನಿಂತ್ರೂ ಅವತ್ತೇ ಡಾಕ್ಟರಿಗೆ ತೋರ್ಸಿ. ನೋಡೋಕೆ ಭಯ ಆಗುತ್ತೆ, ಆದ್ರೆ ಹೋದ್ಸಲದ ಥರ ಎರಡು ನಿಮಿಷದಲ್ಲಿ ನಿಲ್ಲೋ ಫಿಟ್ಸಿಂದ ಮೆದುಳಿಗೆ ಏಟಾಗಲ್ಲ. ಕುತ್ತಿಗೆ ಬಿಗಿಯಾಗಿದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳ್ದೇ ಇದ್ರೆ ಬೆಳಗಾಗೋ ತನಕ ಕಾಯ್ಬೇಡಿ. ದುಡ್ಡು ಕೊಟ್ಟವರಿಗೆ ಮಗುಗೆ ಹುಷಾರಿಲ್ಲ ಅಂದ್ರೆ ಅರ್ಥ ಆಗುತ್ತೆ.

ಇನ್ನೊಬ್ಬ ಮೆಂಬರ್: ಫಾರ್ವರ್ಡ್ ಬಂದಿದ್ದು: ಹೊರಡೋ ಮುಂಚೆ ಒಂದು ಲೋಟ ಉಪ್ಪುನೀರು ಕುಡಿಸಿ, ಕರ್ಪೂರದ ಗಂಟು ಕತ್ತಿಗೆ ಕಟ್ಟಿ, ಮಗು ಸುಸ್ತಾಗಲ್ಲ.

ಡಾಕ್ಟರ್: ಡಿಲೀಟ್ ಮಾಡಿ. ಕರ್ಪೂರ ಮಗು ಬಾಯಿಗೆ ಹೋದ್ರೆ ಅದರಿಂದಲೇ ಫಿಟ್ಸ್ ಬರುತ್ತೆ, ಮೇಲಿನ ತಾಯಿ ಇದನ್ನ ಓದಿ ಕಟ್ಟಿದ್ರೆ ಏನ್ಗತಿ? ಬರೀ ಉಪ್ಪುನೀರು ಮಗು ರಕ್ತದಲ್ಲಿ ಸೋಡಿಯಂ ಏರಿಸುತ್ತೆ. ದೊಡ್ಡ ಮಕ್ಕಳಿಗೆ ನೀರು ಸಾಕು. ವಾಂತಿ ಭೇದಿ ಇದ್ರೆ ಓಆರ್‌ಎಸ್, 1 ಲೀಟರ್ ಪ್ಯಾಕೆಟ್ಟನ್ನ ಪೂರ್ತಿ 1 ಲೀಟರ್ ನೀರಿಗೇ ಹಾಕಿ, ಅರ್ಧರ್ಧ ಬೇಡ.

ಅದೇ ಮೆಂಬರ್: ಒಳ್ಳೇದಕ್ಕೇ ಹಾಕಿದ್ದು ಸರ್, ಇಷ್ಟು ಕೋಪ ಯಾಕೆ.

ಒಬ್ಬ ಅಜ್ಜಿ: ನನ್ ಕೇಳಿದ್ರೆ ಮಗು ಫೋಟೋ ಹಾಕಿ ದುಡ್ಡು ಎತ್ತೋದೇ ತಪ್ಪು.

ನಾಲ್ಕು ವರ್ಷದವನ ಅಪ್ಪ: ಯಾಕಮ್ಮಾ ತಪ್ಪು? ಇನ್ನೊಬ್ಬರಿಗೋಸ್ಕರ ನಡೆಯೋದನ್ನ ಮಕ್ಕಳು ಎಲ್ಲಿ ಕಲೀಬೇಕು?

ಅಜ್ಜಿ: ಕಲೀಲಿ, ಬೇಡ ಅಂದ್ನಾ? ನಾಳೆ ಬೇಜಾರಾಗಿ ಅತ್ರೆ ಅವನಿಗೋಸ್ಕರ ನೀವು ತಿರುಗ್ತೀರಾ, ಫಿನಿಶ್ ಲೈನ್ ಫೋಟೋಗೆ ಎಳ್ಕೊಂಡು ಹೋಗ್ತೀರಾ?

ನಾಲ್ಕು ವರ್ಷದವನ ಅಪ್ಪ: ನನ್ ಮಗನ್ನ ನಾನು ನೋಡ್ಕೊಳ್ತೀನಿ, ನೀವು ಹೇಳ್ಬೇಕಾಗಿಲ್ಲ.

ಹೊಸ ಮೆಂಬರ್: ನಾಲ್ಕು ವರ್ಷದ ಮಗು 5 ಕಿಮೀ ನಡೆಯುತ್ತಾ ಡಾಕ್ಟ್ರೇ?

ಡಾಕ್ಟರ್: ಮೇಲೆ ಓದಿ.

ಮೂರು ವರ್ಷದವನ ಅಮ್ಮ: ಸ್ಪೀಕರ್ ಸೌಂಡಿಗೆ ನಮ್ಮವನು ಕಿವಿ ಮುಚ್ಕೊಂಡು ಅಳ್ತಾನೆ, ಏನ್ಮಾಡೋದು?

ಅಡ್ಮಿನ್: ಜಗಳ ನಿಲ್ಸಿ, ಪ್ರಶ್ನೆ ಮಾತ್ರ.

ಎರಡೂವರೆ ವರ್ಷದವಳ ಅಮ್ಮ: ಸರ್ ಈಗ 101 ಇದೆ. ಆಟ ಆಡ್ತಿದಾಳೆ, ಹಾಲು ಕುಡಿದ್ಲು. ಬರಲ್ಲ ಅಂತ ಎಲ್ಲರಿಗೂ ಮೆಸೇಜ್ ಹಾಕ್ದೆ.

ಡಾಕ್ಟರ್: ಒಳ್ಳೇದಮ್ಮ. ರಾತ್ರಿ ನಿಮ್ಮ ಪಕ್ಕದಲ್ಲೇ ಮಲಗ್ಸಿ. ಐದು ನಿಮಿಷದ ಲೆಕ್ಕ ಮನೇಲಿ ಎಲ್ಲರಿಗೂ ಹೇಳಿಡಿ. ಬೆಳಿಗ್ಗೆ ಹೇಗಿದಾಳೆ ಅಂತ ನನಗೆ ಹಾಕಿ.

ಮೂರು ವರ್ಷದವನ ಅಮ್ಮ: ಡಾಕ್ಟ್ರೇ, ಸ್ಪೀಕರ್ ಸೌಂಡ್?